ಅಕ್ಕಿ, ಬೇಳೆ ಮತ್ತು ಕ್ಷಯ

ಕ್ಷಯ ತಗುಲಿದವರ ಮನೆಯಲ್ಲಿ ಉಳಿದವರಿಗೆ ತಿಂಗಳಿಗೆ ತಲಾ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆಯನ್ನು ಆರು ತಿಂಗಳು ತಪ್ಪದೆ ಕೊಟ್ಟರೆ, ಆ ಮನೆಯಲ್ಲಿ ಮತ್ತೊಬ್ಬರಿಗೆ ಕ್ಷಯ ಬರುವ ಪ್ರಮಾಣ ಶೇ 39ರಷ್ಟು ಇಳಿಯುತ್ತದೆ. ಕೆಮ್ಮಿನ ಮೂಲಕ ಇತರರಿಗೆ ಹರಡಬಲ್ಲ, ಕಫ ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇಳಿಕೆ ಶೇ 48. ಜಾರ್ಖಂಡಿನಲ್ಲಿ ನಡೆದ ‘ರೇಷನ್ಸ್’ ಎಂಬ ಅಧ್ಯಯನ ಕಂಡುಕೊಂಡ ಈ ಸಂಗತಿ 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಧ್ಯಯನವನ್ನು ಮುನ್ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಹಣ ಕೊಟ್ಟದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ.

ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಜಗತ್ತಿಗೆ ತೋರಿಸಿದ. ಅಂದಿನಿಂದ ಈ ಕಾಯಿಲೆಯ ಕಥೆ ಬಹುಮಟ್ಟಿಗೆ ರೋಗಾಣುವಿನ ಕಥೆಯಾಗಿಯೇ ಹೇಳಲ್ಪಟ್ಟಿದೆ. ಆದರೆ ರೋಗಾಣು ಒಳಹೊಕ್ಕ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಜಗತ್ತಿನ ಜನರಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಕ್ಷಯದ ಸೋಂಕು ತಗುಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೀಗೆ ಸೋಂಕು ಹೊತ್ತವರಲ್ಲಿ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಉಳಿದವರಲ್ಲಿ ರೋಗಾಣು ಅಡಗಿಯೇ ಇರುತ್ತದೆ, ಕೆಲವರಲ್ಲಿ ನಾಶವೂ ಆಗುತ್ತದೆ. ಆ ಐದೋ ಹತ್ತೋ ಮಂದಿ ಯಾರಾಗುತ್ತಾರೆ ಎಂಬುದೇ ಕ್ಷಯದ ವಿಷಯದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ. ಎಚ್‌ಐವಿ, ಮಧುಮೇಹ, ತಂಬಾಕು, ಮದ್ಯ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಆದರೆ ಭಾರತದ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಜನರನ್ನು ಕ್ಷಯದತ್ತ ತಳ್ಳುತ್ತಿರುವುದು ಹೊಟ್ಟೆಗೆ ಸಾಲದ ಊಟ.

ಶ್ವಾಸಕೋಶದ ಆಳಕ್ಕೆ ಇಳಿದ ರೋಗಾಣುವನ್ನು ಮೊದಲು ನುಂಗುವುದು ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶ. ಅದು ಒಂದೇ ಕೈಯಲ್ಲಿ ಈ ಬ್ಯಾಕ್ಟೀರಿಯಾವನ್ನು ಕೊಲ್ಲಲಾರದು. ಟಿ-ಕೋಶಗಳು ಬಂದು ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಸಂಕೇತ ಕೊಟ್ಟ ಮೇಲೆಯೇ ಅದಕ್ಕೆ ಪೂರ್ಣ ಬಲ. ಆಮೇಲೆ ಹಲವು ಬಗೆಯ ಕೋಶಗಳು ರೋಗಾಣುಗಳ ಸುತ್ತ ಗಂಟುಕಟ್ಟಿ ಅವು ಹರಡದಂತೆ ವರ್ಷಗಟ್ಟಲೆ ತಡೆದಿಡುತ್ತವೆ. ಈ ಕಾವಲು ಒಮ್ಮೆ ಕಟ್ಟಿ ಮರೆತುಬಿಡುವಂಥದ್ದಲ್ಲ; ಪ್ರೋಟೀನು, ಶಕ್ತಿ, ಸತು, ವಿಟಮಿನ್‌ಗಳು ದಿನದಿನವೂ ಒದಗುತ್ತಿರಬೇಕು. ದೀರ್ಘಕಾಲ ಅರೆಹೊಟ್ಟೆಯಲ್ಲಿ ಬದುಕುವವರಲ್ಲಿ ಟಿ-ಕೋಶಗಳು ಮಾಗುವ ಥೈಮಸ್ ಗ್ರಂಥಿ ಕುಗ್ಗುತ್ತದೆ. ದೇಹದ ಕೊಬ್ಬು ಕರಗಿದಂತೆ ಅದು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನೂ ಇಳಿದು, ರಕ್ಷಕ ಕೋಶಗಳಿಗೆ ಸಿಗಬೇಕಾದ ಪ್ರಚೋದನೆ ತಪ್ಪುತ್ತದೆ. ಕಾಯಿಲೆ ಎದ್ದ ಮೇಲೆ ಹಸಿವು ಸತ್ತು, ಜ್ವರ ಮೈಯನ್ನು ಸುಟ್ಟು, ತೂಕ ಇನ್ನಷ್ಟು ಇಳಿಯುತ್ತದೆ. ಕೃಶತೆ ಕ್ಷಯಕ್ಕೆ ಕಾರಣವೂ ಹೌದು, ಅದರ ಫಲವೂ ಹೌದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2010ರ ವಿಶ್ಲೇಷಣೆಯೊಂದರ ಪ್ರಕಾರ, ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಒಂದು ಅಂಶ ಏರಿದರೆ ಕ್ಷಯದ ಪ್ರಮಾಣ ಸುಮಾರು ಶೇ 14 ಇಳಿಯುತ್ತದೆ.

ಭಾರತದಲ್ಲಿ 2023ರಲ್ಲಿ ಸುಮಾರು 28 ಲಕ್ಷ ಜನರಿಗೆ ಕ್ಷಯ ಬಂತು. ಅದು ಇಡೀ ಜಗತ್ತಿನ ಹೊರೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು. ಸತ್ತವರು ಮೂರು ಲಕ್ಷಕ್ಕೂ ಮಿಕ್ಕಿದ್ದರು. ಈ ಅಂಕಿಗಳ ಹಿಂದಿನ ಮೈಗಳು ಹೇಗಿವೆ ಎಂಬುದನ್ನು ಛತ್ತೀಸ್‌ಗಢದ ಗನಿಯಾರಿಯಲ್ಲಿರುವ ‘ಜನ ಸ್ವಾಸ್ಥ್ಯ ಸಹಯೋಗ’ದ ದಾಖಲೆಗಳು ತೋರಿಸಿದವು. ಮಂಗಳೂರಿಗೆ ಬರುವ ಮೊದಲು ಭಾರ್ಗವ ದಂಪತಿ ಕೆಲಸ ಮಾಡಿದ್ದು ಅಲ್ಲಿಯೇ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಚಿಕಿತ್ಸೆಗೆ ಬಂದ 1,695 ಕ್ಷಯರೋಗಿಗಳ ತೂಕ ನೋಡಲಾಗಿತ್ತು. ಗಂಡಸರ ಮಧ್ಯಾಂಕ ತೂಕ 42 ಕಿಲೋ, ಹೆಂಗಸರದ್ದು 34 ಕಿಲೋ. ಬೆಳೆದ ಹೆಂಗಸೊಬ್ಬಳ ತೂಕ 34 ಕಿಲೋ ಎಂದರೆ ಆಕೆಗೆ ಬೇಕಾದ್ದು ಬರೀ ಮಾತ್ರೆಯಲ್ಲ ಎನ್ನಲು ವೈದ್ಯಶಾಸ್ತ್ರ ಓದಿರಬೇಕಿಲ್ಲ. ಆದರೂ ಸರ್ಕಾರಿ ಕಾರ್ಯಕ್ರಮ ಆಗ ಕೊಡುತ್ತಿದ್ದದ್ದು ಮಾತ್ರೆಯನ್ನು ಮಾತ್ರ.

ಊಟಕ್ಕೂ ಕ್ಷಯಕ್ಕೂ ಇರುವ ನಂಟು ಹೊಸದಾಗಿ ಹೊಳೆದದ್ದಲ್ಲ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಬರುವ ಮುನ್ನ, 1940ರ ದಶಕದವರೆಗೆ, ವೈದ್ಯರ ಕೈಯಲ್ಲಿ ಇದ್ದದ್ದು ವಿಶ್ರಾಂತಿ, ಗಾಳಿ, ಹಾಲು, ಮೊಟ್ಟೆ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಹೊತ್ತ ಕ್ಷಯರೋಗ ಆಸ್ಪತ್ರೆ ಆ ಕಾಲದ್ದೇ. ಇಂಗ್ಲೆಂಡಿನಲ್ಲಿ ಕ್ಷಯದ ಸಾವುಗಳು ಔಷಧಿ ಬರುವುದಕ್ಕೆ ಎಷ್ಟೋ ಮೊದಲೇ, ಹತ್ತೊಂಬತ್ತನೇ ಶತಮಾನದ ಮಧ್ಯದಿಂದಲೇ ಇಳಿಯತೊಡಗಿದ್ದವು. ಅದಕ್ಕೆ ಮುಖ್ಯ ಕಾರಣ ಉತ್ತಮ ಆಹಾರ ಎಂದು ಥಾಮಸ್ ಮೆಕ್‌ಕ್ಯೋನ್ ಎಂಬ ವಿದ್ವಾಂಸ ವಾದಿಸಿದ. ವಸತಿಗೂ ನೈರ್ಮಲ್ಯಕ್ಕೂ ಸಿಗಬೇಕಾದ ಪಾಲನ್ನು ಆತ ಕೊಡಲಿಲ್ಲ ಎಂಬ ಆಕ್ಷೇಪ ಇಂದಿಗೂ ಇದೆ. ಇದಕ್ಕಿಂತ ನೇರವಾದ ಸಾಕ್ಷ್ಯ ಸಿಕ್ಕಿದ್ದು ಯುದ್ಧದ ಕ್ರೌರ್ಯದ ನಡುವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೆರೆಶಿಬಿರಗಳಲ್ಲಿದ್ದ ಬ್ರಿಟಿಷ್ ಮತ್ತು ರಷ್ಯನ್ ಸೈನಿಕರ ಸ್ಥಿತಿಯನ್ನು ವೈದ್ಯರೊಬ್ಬರು ದಾಖಲಿಸಿದರು. ಬ್ರಿಟಿಷರಿಗೆ ರೆಡ್ ಕ್ರಾಸ್ ಪೊಟ್ಟಣಗಳಿಂದ ದಿನಕ್ಕೆ ಸುಮಾರು 1,000 ಕಿಲೋಕ್ಯಾಲರಿ, 30 ಗ್ರಾಂ ಪ್ರೋಟೀನು ಹೆಚ್ಚಾಗಿ ಸಿಗುತ್ತಿತ್ತು, ರಷ್ಯನ್ನರಿಗೆ ಸಿಗುತ್ತಿರಲಿಲ್ಲ. ಕ್ಷಯ ಬ್ರಿಟಿಷರಲ್ಲಿ ಶೇ 1.2ರಷ್ಟಿದ್ದರೆ ರಷ್ಯನ್ನರಲ್ಲಿ ಶೇ 15ರಿಂದ 19ರವರೆಗೆ ಇತ್ತು.

ಇಷ್ಟೆಲ್ಲ ತಿಳಿದಿದ್ದೂ ಊಟ ಹಿಂದೆ ಸರಿದದ್ದಕ್ಕೆ ಕಾರಣವೂ ಒಂದು ದೊಡ್ಡ ಅಧ್ಯಯನವೇ. 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಕೆಲವು ರೋಗಿಗಳನ್ನು ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಮಲಗಿಸಿ, ಇನ್ನು ಕೆಲವರನ್ನು ಬಡಾವಣೆಯ ಇಕ್ಕಟ್ಟು ಮನೆಗಳಲ್ಲೇ ಬಿಟ್ಟು, ಎಲ್ಲರಿಗೂ ಒಂದೇ ಔಷಧಿ ಕೊಡಲಾಯಿತು. ಸ್ಯಾನಟೋರಿಯಂನಲ್ಲಿದ್ದವರಿಗೆ ಊಟ ಚೆನ್ನಾಗಿತ್ತು, ಅವರ ತೂಕವೂ ಹೆಚ್ಚು ಏರಿತು. ಆದರೂ ಕಫದಿಂದ ರೋಗಾಣು ಮಾಯವಾಗುವುದರಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಬಡದೇಶಗಳಿಗೆ ದೊಡ್ಡ ಉಪಕಾರ ಮಾಡಿತು. ಹಾಸಿಗೆಗಾಗಿ ಕಾಯಬೇಕಿಲ್ಲ, ಮನೆಯಲ್ಲೇ ಗುಣವಾಗಬಹುದು ಎಂದು ಅದು ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ತಜ್ಞರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿ ಹೋಗಿದ್ದರೆಂದೂ, ಅಲ್ಲಿ ಅವರ ಕೈಗೆ ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಲಾಗಿತ್ತೆಂದೂ ಗೊತ್ತಾಯಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇಂಥ ತಿಳಿವಳಿಕೆಯ ಮೇಲೆ ನಿಂತದ್ದು.

ಮದರಾಸಿನ ಅಧ್ಯಯನದಲ್ಲಿ ತಪ್ಪಿರಲಿಲ್ಲ. ಅದರಿಂದ ಎಳೆದ ತೀರ್ಮಾನ ಮಾತ್ರ ಅಗತ್ಯಕ್ಕಿಂತ ಅಗಲವಾಯಿತು. ಆ ಅಧ್ಯಯನ ಕೇಳಿದ್ದು ಸ್ಯಾನಟೋರಿಯಂ ಬೇಕೇ ಎಂಬ ಪ್ರಶ್ನೆಯನ್ನು. ಅದಕ್ಕೆ ಸಿಕ್ಕ ಉತ್ತರವನ್ನು ಊಟ ಬೇಕೇ ಎಂಬ ಪ್ರಶ್ನೆಗೂ ಉತ್ತರವೆಂದು ಓದಿಕೊಳ್ಳಲಾಯಿತು. ಗುಣವಾದ ರೋಗಿಗೆ ಕೆಲಸ ಮಾಡುವ ಶಕ್ತಿ ಬಂತೇ, ಜೊತೆಯಲ್ಲಿ ಉಂಡು ಮಲಗಿದ ಮಕ್ಕಳು ಕಾಯಿಲೆಯಿಂದ ಪಾರಾಗಲು ಏನು ಕೊಡಬೇಕು ಎಂಬಂಥ ಪ್ರಶ್ನೆಗಳು ಅರವತ್ತು ವರ್ಷ ಸರಿಯಾದ ಪರೀಕ್ಷೆಗೆ ಒಳಪಡಲೇ ಇಲ್ಲ.

‘ರೇಷನ್ಸ್’ ಅಧ್ಯಯನ ಆ ಪ್ರಶ್ನೆಗಳನ್ನು ಕೈಗೆತ್ತಿಕೊಂಡಿತು. 2019ರ ಆಗಸ್ಟ್‌ನಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳ 28 ಕ್ಷಯ ಘಟಕಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಗಳ 10,345 ಸದಸ್ಯರನ್ನೂ ಸೇರಿಸಿಕೊಳ್ಳಲಾಯಿತು. ಮೂರರಲ್ಲಿ ಎರಡು ಪಾಲು ಜನ ಸಂತಾಲ, ಹೋ, ಮುಂಡಾ, ಒರಾಂವ್, ಭೂಮಿಜ್ ಮುಂತಾದ ಆದಿವಾಸಿ ಸಮುದಾಯದವರು. ರೋಗಿಗಳಿಗೆಲ್ಲ ಔಷಧಿಯ ಜೊತೆ ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ ಸೇರಿದ ಸುಮಾರು 10 ಕಿಲೋ ದಿನಸಿ ಪ್ರತಿ ತಿಂಗಳು ಸಿಕ್ಕಿತು. ದಿನಕ್ಕೆ 1,200 ಕಿಲೋಕ್ಯಾಲರಿ, 52 ಗ್ರಾಂ ಪ್ರೋಟೀನು ಕೊಡುವಷ್ಟು. ರೋಗಿಗೆ ಊಟ ಕೊಡದೆ ಬಿಟ್ಟು ನೋಡುವುದು ಅನ್ಯಾಯವೆಂದು ಅವರಲ್ಲಿ ಹೋಲಿಕೆಯ ಗುಂಪು ಮಾಡಲಿಲ್ಲ. ಹೋಲಿಕೆ ಇದ್ದದ್ದು ಮನೆಯವರ ನಡುವೆ. ಘಟಕಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ 5,621 ಜನರಿಗೆ ತಲಾ ಅಕ್ಕಿ, ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಡಲಾಯಿತು. ಇನ್ನೊಂದರ 4,724 ಜನ ತಮ್ಮ ಎಂದಿನ ಊಟವನ್ನೇ ಉಂಡರು. ಎಲ್ಲರನ್ನೂ 2022ರ ಜುಲೈ ಅಂತ್ಯದವರೆಗೆ ಗಮನಿಸಲಾಯಿತು. ದಿನಸಿ ಸಿಗದ ಗುಂಪಿನಲ್ಲಿ 122 ಮಂದಿಗೆ, ಸಿಕ್ಕ ದೊಡ್ಡ ಗುಂಪಿನಲ್ಲಿ 96 ಮಂದಿಗೆ ಕ್ಷಯ ಬಂತು. ಗುಂಪುಗಳ ಗಾತ್ರ, ಕಾಲಾವಧಿ ಮತ್ತಿತರ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಿಗುವುದೇ ಆ ಶೇ 39ರ ಇಳಿಕೆ. ಮೂವತ್ತು ಮನೆಗಳಿಗೆ ದಿನಸಿ ಕೊಟ್ಟರೆ ಒಬ್ಬರು ಕ್ಷಯದಿಂದ ಉಳಿಯುತ್ತಾರೆ.

ನಡುವೆ ಕೋವಿಡ್ ಬಂತು. 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಪಡಿತರದಾರರಿಗೆ ತಲಾ ಐದು ಕಿಲೋ ಉಚಿತ ಧಾನ್ಯ ಹೆಚ್ಚುವರಿಯಾಗಿ ಕೊಡತೊಡಗಿತು. ಹೀಗಾಗಿ ಅಧ್ಯಯನದ ದಿನಸಿ ಸಿಗದ ಮನೆಯವರಿಗೂ ಒಂದಿಷ್ಟು ಅಕ್ಕಿ ಸೇರಿತು. ನಿಜವಾದ ಪರಿಣಾಮ ಲೆಕ್ಕಕ್ಕೆ ಸಿಕ್ಕಿದ್ದಕ್ಕಿಂತ ಹೆಚ್ಚಿದ್ದಿರಲೂಬಹುದು. ಇನ್ನೊಂದು ಮಿತಿಯನ್ನೂ ಹೇಳಬೇಕು: ಯಾರಿಗೆ ದಿನಸಿ ಸಿಗುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು, ಮಾತ್ರೆಯಂತೆ ಅಕ್ಕಿಗೆ ಹುಸಿರೂಪ ಮಾಡಲು ಬರುವುದಿಲ್ಲ. ಜಾರ್ಖಂಡಿನಷ್ಟು ಕೃಶತೆ ಇಲ್ಲದ ಕಡೆ ಲಾಭ ಇಷ್ಟೇ ಇರಬೇಕೆಂದೂ ಇಲ್ಲ. ಆದರೆ ವಯಸ್ಕರನ್ನು ಶ್ವಾಸಕೋಶದ ಕ್ಷಯದಿಂದ ಕಾಪಾಡುವಲ್ಲಿ ಬಿಸಿಜಿ ಲಸಿಕೆ ಸೋತದ್ದು ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲೇ ಕಂಡಿದೆ. ಅದನ್ನು ನೆನೆದರೆ ಅಂಗಡಿಯ ಅಕ್ಕಿಬೇಳೆ ಕೊಟ್ಟ ರಕ್ಷಣೆ ಸಣ್ಣದೆನ್ನಲಾಗದು.

ರೋಗಿಗಳಲ್ಲಿ ಕಂಡದ್ದು ಇನ್ನಷ್ಟು ಮನಮುಟ್ಟುವಂಥದ್ದು. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಅಪೌಷ್ಟಿಕತೆಯಿಂದ ನರಳುತ್ತಿದ್ದರು; ಸುಮಾರು ಅರ್ಧದಷ್ಟು ಜನರ ಬಿಎಂಐ 16ಕ್ಕಿಂತ ಕೆಳಗಿತ್ತು. ಚಿಕಿತ್ಸೆಯ ಆರಂಭದಲ್ಲಿ ಎಂದಿನ ಕೆಲಸ ಮಾಡಬಲ್ಲವರಾಗಿದ್ದವರು ನೂರಕ್ಕೆ ಮೂವರು, ಮುಗಿಯುವ ಹೊತ್ತಿಗೆ ಎಪ್ಪತ್ತೈದು. ಕೂಲಿ ನಿಂತರೆ ಒಲೆಯೂ ಆರುವ ಮನೆಗಳಿಗೆ ಈ ಸಂಖ್ಯೆಯ ತೂಕ ಗೊತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ನಲವತ್ತು ಕಿಲೋದ ಮನುಷ್ಯನಿಗೆ ಶೇ 5 ಎಂದರೆ ಎರಡೇ ಕಿಲೋ. ಸಾವುಗಳು ಹೆಚ್ಚಾಗಿ ಚಿಕಿತ್ಸೆಯ ಮೊದಲ ವಾರಗಳಲ್ಲೇ ಸಂಭವಿಸುವುದರಿಂದ, ಊಟ ಯಾವಾಗ ಕೈಸೇರುತ್ತದೆ ಎಂಬುದು ಎಷ್ಟು ಸಿಗುತ್ತದೆ ಎಂಬುದರಷ್ಟೇ ಮುಖ್ಯವಾಗುತ್ತದೆ.

2019ರ ಬೆಲೆಯಲ್ಲಿ ರೋಗಿಯ ದಿನಸಿಗೆ ತಿಂಗಳಿಗೆ ಸುಮಾರು 1,100 ರೂಪಾಯಿ, ಮನೆಯ ಇತರರಿಗೆ ತಲಾ 325 ರೂಪಾಯಿ ತಗುಲಿತು. ಸರ್ಕಾರದ ‘ನಿಕ್ಷಯ್ ಪೋಷಣ್’ ಯೋಜನೆ 2018ರ ಏಪ್ರಿಲ್‌ನಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ದಾನಿಗಳಿಂದ ದಿನಸಿ ಕೊಡಿಸುವ ‘ನಿಕ್ಷಯ್ ಮಿತ್ರ’ ವ್ಯವಸ್ಥೆಯನ್ನು ಮನೆಯವರಿಗೂ ವಿಸ್ತರಿಸುವುದಾಗಿ ಆಗಲೇ ಪ್ರಕಟಿಸಲಾಯಿತು. ಇದು ಸರಿಯಾದ ದಿಕ್ಕು. ಆದರೆ ಮನೆಯವರ ಪಾಲು ದಾನಿಗಳ ಔದಾರ್ಯಕ್ಕೆ ಕಾಯಬೇಕಾಗಿರುವುದು, ವೈಜ್ಞಾನಿಕ ಪುರಾವೆ ಅಷ್ಟು ಗಟ್ಟಿಯಾಗಿರುವಾಗ, ಒಪ್ಪತಕ್ಕದ್ದಲ್ಲ. ಪಡಿತರ ಅಂಗಡಿ ಹೆಚ್ಚಿನ ಕಡೆ ಕೊಡುವುದು ಧಾನ್ಯವನ್ನಷ್ಟೇ. ಪ್ರೋಟೀನು ತರುವ ಬೇಳೆಯೇ ಬಡವರ ತಟ್ಟೆಯಲ್ಲಿ ತೆಳುವಾಗುತ್ತಿರುವುದು. ಕ್ಷಯಪೀಡಿತ ಮನೆಗಳಲ್ಲಿ ಅರ್ಧದಷ್ಟನ್ನು ಇಂಥ ಆಹಾರ ನೆರವು ಮುಟ್ಟಿದರೂ 2035ರೊಳಗೆ ಭಾರತದಲ್ಲಿ ಸುಮಾರು 3.6 ಲಕ್ಷ ಸಾವುಗಳನ್ನು ತಪ್ಪಿಸಬಹುದೆಂದು ಆಮೇಲಿನ ಗಣಿತೀಯ ಅಂದಾಜೊಂದು ಹೇಳಿದೆ.

ಚಿಕಿತ್ಸೆಯ ಮೊದಲ ವಾರಗಳ ಸಾವುಗಳನ್ನು ತಡೆಯಲು, ಕಾಯಿಲೆ ಪತ್ತೆಯಾದ ದಿನವೇ ಯಾರಿಗೆ ಮನೆಯ ಊಟ ಸಾಕು, ಯಾರನ್ನು ಆಸ್ಪತ್ರೆಗೆ ಸೇರಿಸಲೇಬೇಕು ಎಂದು ವಿಂಗಡಿಸುವ ಕ್ರಮವನ್ನು ತಮಿಳುನಾಡು 2022ರಲ್ಲಿ ಆರಂಭಿಸಿತು. ದೊಡ್ಡ ಯಂತ್ರಗಳೇನೂ ಬೇಕಿಲ್ಲ. ತೂಕ, ಎತ್ತರ, ಕಾಲಿನ ಊತ, ಉಸಿರಿನ ವೇಗ, ರಕ್ತದ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂಬುದು – ಇಷ್ಟನ್ನು ಆರೋಗ್ಯ ಕೇಂದ್ರದ ಸಿಬ್ಬಂದಿಯೇ ನೋಡುತ್ತಾರೆ. ಬಿಎಂಐ 14 ಅಥವಾ ಅದಕ್ಕಿಂತ ಕಡಿಮೆ ಇರುವವರನ್ನು ಒಳರೋಗಿಯಾಗಿ ಸೇರಿಸಿಕೊಂಡು, ವೈದ್ಯರ ಕಣ್ಣೆದುರು ನಿಧಾನವಾಗಿ ಊಟ ಹೆಚ್ಚಿಸಲಾಗುತ್ತದೆ. ತೀರಾ ಬಡಕಲಾದ ದೇಹಕ್ಕೆ ಒಮ್ಮೆಲೇ ತುಂಬ ಉಣಿಸಿದರೆ ರಕ್ತದ ಲವಣಗಳ ಸಮತೋಲ ಕೆಟ್ಟು ಜೀವಕ್ಕೇ ಅಪಾಯ.