ಚರ್ಚ್ ಹೋಯ್ತು, ಈಜುಕೊಳ ಬಂತು, ಮತ್ತೆ ಚರ್ಚ್ ಬಂತು!

ಈಸ್ಟರ್ ರಾತ್ರಿ ಪುಟಿನ್ ಮೇಣದಬತ್ತಿ ಹಿಡಿದು ನಿಂತಿರೋ ದೃಶ್ಯವನ್ನ ನೀವು ಟಿವಿಯಲ್ಲಿ ನೋಡಿರ್ತೀರಿ. ಆ ಜಾಗ ಮಾಸ್ಕೋದ ಕ್ರೈಸ್ಟ್ ದ ಸೇವಿಯರ್ ಕೆಥೆಡ್ರಲ್. ಬಿಳಿ ಗೋಡೆ, ಐದು ಬಂಗಾರದ ಗುಮ್ಮಟ. ನೋಡಿದ್ರೆ ಶತಮಾನದ ಹಿಂದಿನ ಕಟ್ಟಡ ಅನ್ಸುತ್ತೆ. ಅಲ್ಲ ಸ್ವಾಮಿ, ಇದರ ಪ್ರತಿಷ್ಠೆ ಆಗಿದ್ದು 2000ನೇ ಇಸವಿಯಲ್ಲಿ!

ಹಾಗಾದ್ರೆ ಹಳೆಯದು ಏನಾಯ್ತು?

1812ರಲ್ಲಿ ನೆಪೋಲಿಯನ್ ಸೇನೆ ರಷ್ಯಾದಿಂದ ಕಾಲ್ಕಿತ್ತಿತು. ಆ ಗೆಲುವಿನ ನೆನಪಿಗೆ ಚರ್ಚ್ ಕಟ್ಟಿಸ್ತೀನಿ ಅಂತ ಚಕ್ರವರ್ತಿ ಮೊದಲನೇ ಅಲೆಕ್ಸಾಂಡರ್ ಘೋಷಿಸಿದ. ಮೊದಲ ನಕ್ಷೆ ಅರ್ಧಕ್ಕೇ ನಿಂತಿತು. ಕೊನೆಗೆ ಕಾನ್‌ಸ್ಟಾಂಟಿನ್ ಟೋನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1839ರಲ್ಲಿ ಅಡಿಗಲ್ಲು ಬಿತ್ತು. ಪ್ರತಿಷ್ಠೆ ಆಗಿದ್ದು 1883ರಲ್ಲಿ. ಅಂದ್ರೆ 44 ವರ್ಷದ ಕೆಲಸ! ಎತ್ತರ ಸುಮಾರು 103 ಮೀಟರ್.

ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಇಷ್ಟು ಹೇಳಲೇಬೇಕು. ಕೆಳಗೆ ನಾಲ್ಕು ಕೈಯೂ ಸಮನಾಗಿರೋ ಶಿಲುಬೆಯ ಆಕಾರ. ನಡುವೆ ನಾಲ್ಕು ದೈತ್ಯ ಕಂಬಗಳು, ಅವನ್ನು ಜೋಡಿಸೋ ಕಮಾನುಗಳು. ಚೌಕದ ಮೇಲೆ ದುಂಡು ಗುಮ್ಮಟ ಕೂರೋದು ಹೇಗೆ? ಮೂಲೆಗಳಲ್ಲಿ ಬಾಗಿದ ತ್ರಿಕೋನಗಳು ಗುಮ್ಮಟದ ಭಾರವನ್ನ ಕಂಬಕ್ಕೆ ಇಳಿಸುತ್ತವೆ. ಬೈಜಾಂಟಿಯಂ ಕಾಲದಿಂದ ಬಂದ ವಿದ್ಯೆ ಇದು. ಇನ್ನು ಒಳಗಿನ ಗೋಡೆಯ ಅಮೃತಶಿಲೆಯಲ್ಲಿ ಯುದ್ಧಗಳ ವಿವರ, ಮಡಿದ ಅಧಿಕಾರಿಗಳ ಹೆಸರು.

1931ರ ಡಿಸೆಂಬರ್ 5. ಸ್ಟಾಲಿನ್ ಸರ್ಕಾರ ಅದನ್ನ ಸ್ಫೋಟಿಸಿ ಕೆಡವಿತು. ಒಂದೇ ದಿನ! ಅಲ್ಲಿ ಲೆನಿನ್ ಪ್ರತಿಮೆ ಹೊತ್ತ, 400 ಮೀಟರಿಗೂ ಎತ್ತರದ ಸೋವಿಯತ್ ಅರಮನೆ ಏಳಬೇಕಿತ್ತು. ಅಡಿಪಾಯವೇನೋ ಆಯ್ತು. ಅಷ್ಟರಲ್ಲಿ ಹಿಟ್ಲರ್ ದಾಳಿ. ಎದ್ದು ನಿಂತಿದ್ದ ಉಕ್ಕನ್ನೂ ಬಿಚ್ಚಿ ಯುದ್ಧಕ್ಕೆ ಕೊಟ್ಟರು. ಉಳಿದ ಗುಂಡಿ 1960ರಲ್ಲಿ ಬಿಸಿನೀರಿನ ಈಜುಕೊಳ ಆಯ್ತು!

ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1995ರಲ್ಲಿ ಮತ್ತೆ ನಿರ್ಮಾಣ ಶುರು. ಹೊರಗಿನ ರೂಪ ಅದೇ. ಆದರೆ ಹಳೆಯದರ ದಪ್ಪ ಇಟ್ಟಿಗೆ ಗೋಡೆಯ ಜಾಗದಲ್ಲಿ ಕಾಂಕ್ರೀಟ್, ಹೊರಗೋಡೆಯ ಕಲ್ಲಿನ ಉಬ್ಬುಶಿಲ್ಪಗಳ ಜಾಗದಲ್ಲಿ ಕಂಚು. ಮೂಲ ಶಿಲ್ಪಗಳಲ್ಲಿ ಉಳಿದ ಕೆಲವು ಇವತ್ತಿಗೂ ಮಾಸ್ಕೋದ ದೊನ್‌ಸ್ಕೊಯ್ ಮಠದಲ್ಲಿವೆ.

ನೋಡಿ, ಸ್ಟಾಲಿನ್ ಕೆಡವಿದ್ದು ದೇವರ ಮನೆಯನ್ನಷ್ಟೇ ಅಲ್ಲ, ತನ್ನದೇ ದೇಶಕ್ಕಾಗಿ ಸತ್ತವರ ಹೆಸರುಗಳನ್ನ. ದುಡ್ಡಿದ್ರೆ ಕಟ್ಟಡವನ್ನ ಮತ್ತೆ ಎಬ್ಬಿಸಬಹುದು, ಹೆಸರುಗಳನ್ನೂ ಮತ್ತೆ ಕೆತ್ತಿಸಬಹುದು. ಆದರೆ ಆ ಸೈನಿಕರ ಮೊಮ್ಮಕ್ಕಳು ಬೆರಳಾಡಿಸಿ ಓದಿದ ಕಲ್ಲು ವಾಪಸ್ ಬರೋದಿಲ್ಲ.