ನಿಂತ ಕಾರಿನ ಬ್ಯಾಟರಿ

ಮುಳಬಾಗಿಲಿನಿಂದ ಹತ್ತು ಕಿಲೋಮೀಟರಿನಷ್ಟು ದೂರವಿರುವ ನಮ್ಮ ಕುರುಡುಮಲೆ ಆರಂಭಗಳಿಗೆ ಹೆಸರಾದ ಊರು. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 13 ಅಡಿ ಎತ್ತರದ ಇಲ್ಲಿನ ಗಣಪತಿಗೆ ಕೈಮುಗಿದು ಹೊರಟರೆ ಹಿಡಿದ ಕೆಲಸ ಕೈಗೂಡುವುದೆಂಬುದು ಈ ಸೀಮೆಯ ನಂಬಿಕೆ. ಚುನಾವಣೆಯ ಪ್ರಚಾರವನ್ನು ಇಲ್ಲಿ ಪೂಜೆ ಸಲ್ಲಿಸಿಯೇ ಮೊದಲುಮಾಡುವ ರಾಜಕೀಯ ಪಕ್ಷಗಳೂ ಉಂಟು. ಇಂಥ ಊರಿನಲ್ಲಿದ್ದುಕೊಂಡು, ಒಂದು ಮಾಗಿಯ ರಾತ್ರಿ, ಮನೆಯ ಮುಂದೆಯೇ ನಿಂತಿದ್ದ ಕಾರನ್ನು ಹೊರಡಿಸಲಾರದೆ ನಾನು ಪಟ್ಟ ಪಾಡು ಈ ಮಾತುಗಳಿಗೆ ಮೂಲ.

ನಮ್ಮದು ಚಿಕ್ಕ ಕಾರು. ನಿವೃತ್ತ ಉಪಾಧ್ಯಾಯನಾದ ನನಗೆ ಅದರಿಂದ ಆಗಬೇಕಾದ ಕೆಲಸವೂ ಚಿಕ್ಕದೇ. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ನಮ್ಮ ಅತ್ತಿಗೆಯವರಿಗೆ ಉಬ್ಬಸ ಹೆಚ್ಚಿ ಉಸಿರು ಕಟ್ಟುವಂತಾಯಿತು. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. ಟಕ್ ಟಕ್ ಎಂಬ ಸದ್ದು ಮಾತ್ರ ಬಂತು. ಮುಂದಿನ ದೀಪಗಳು ಹೊತ್ತಿಕೊಂಡಂತೆ ಮಾಡಿ ಕಂದಿದವು. ಸದ್ದು ಕೇಳಿ ಎದ್ದುಬಂದ ಪಕ್ಕದ ಮನೆಯ ಹುಡುಗರು, “ಮೇಷ್ಟ್ರೇ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಒತ್ಕೊಂಡಿರಿ, ನಾವು ನೂಕ್ತೀವಿ” ಎಂದರು. ಬೀದಿ ಇಳಿಜಾರಾಗಿದ್ದುದು ನಮ್ಮ ಪುಣ್ಯ. ಎಂಜಿನ್ ಹೇಗೋ ಜೀವ ಹಿಡಿಯಿತು. ಮುಳಬಾಗಿಲಿನಲ್ಲಿ ವೈದ್ಯರು ಆಮ್ಲಜನಕ ಕೊಟ್ಟು ಅತ್ತಿಗೆಯವರನ್ನು ಉಳಿಸಿದರು. “ಇನ್ನು ಸ್ವಲ್ಪ ತಡವಾಗಿದ್ದರೆ...” ಎಂದು ಅವರು ಮಾತನ್ನು ಅರ್ಧಕ್ಕೆ ನಿಲ್ಲಿಸಿದುದು ಇಂದಿಗೂ ನನ್ನ ಕಿವಿಯಲ್ಲಿದೆ.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು: ಐದು ವಾರಗಳಿಂದ ನಾನು ಆ ಕಾರನ್ನು ಮುಟ್ಟಿಯೇ ಇರಲಿಲ್ಲ. ಬಳಸದ ವಸ್ತು ಬರಿದಾಗುವುದೆಂತು? ಪೆಟ್ಟಿಗೆಯಲ್ಲಿಟ್ಟ ಹಣದಂತೆ ಅದರ ಶಕ್ತಿ ಇಟ್ಟಲ್ಲಿಯೇ ಇರಬೇಕಲ್ಲವೆ? ಬ್ಯಾಟರಿಯ ಅಂಗಡಿಯಾತ ನನ್ನ ಮಾತಿಗೆ ನಕ್ಕು, “ಓಡ್ಸಿ ಕೆಟ್ಟ ಬ್ಯಾಟರಿಗಿಂತ ನಿಲ್ಸಿ ಕೆಟ್ಟ ಬ್ಯಾಟರೀನೇ ನಮ್ಮ ಹತ್ರ ಜಾಸ್ತಿ ಬರೋದು ಸಾರ್” ಎಂದ. ಆತನ ಮಾತಿನ ಹಿಂದಿರುವ ಕಾರಣಗಳನ್ನು ಅರಸಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕೋಲಾರ ಜಿಲ್ಲೆಗೆ ವಿದ್ಯುತ್ತು ಹೊಸತಲ್ಲ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗುವುದಕ್ಕೆ ಮೂರು ವರ್ಷ ಮೊದಲೇ, 1902ರಲ್ಲಿ, ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದುಬಂದ ವಿದ್ಯುತ್ತು ಇಲ್ಲಿನ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಿತು. ಹೀಗೆ ತಂತಿಯಲ್ಲಿ ಬರುವ ವಿದ್ಯುತ್ತು ಹೊಳೆಯಂತೆ. ಹುಟ್ಟಿದ ಕ್ಷಣವೇ ಬಳಕೆಯಾಗಬೇಕು. ಕಾರಿನ ಬ್ಯಾಟರಿಯಾದರೋ ಕೆರೆಯಂತೆ. ಬಂದದ್ದನ್ನು ಕೂಡಿಟ್ಟು ಬೇಕಾದಾಗ ಕೊಡುವುದು ಅದರ ಧರ್ಮ. ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೇ ನಂಬಿ ಬದುಕಿದ ನಮ್ಮ ಸೀಮೆಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಕೆರೆಯ ತೂಬನ್ನು ಮುಚ್ಚಿದ ಮಾತ್ರಕ್ಕೆ ನೀರು ಉಳಿಯದು. ಅದು ಏರಿಯ ಬುಡದಲ್ಲಿ ಜಿನುಗುತ್ತದೆ, ಬಿಸಿಲಿಗೆ ಆರುತ್ತದೆ. ಬ್ಯಾಟರಿಗೂ ಇಂಥ ಎರಡು ಸೋರಿಕೆಗಳುಂಟು.

ಮೊದಲನೆಯದು ಕಾರಿನ ಸೋರಿಕೆ. ಕೀಲಿ ತೆಗೆದ ಮೇಲೆ ಕಾರು ನಿದ್ರಿಸುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಗಡಿಯಾರ ನಡೆಯುತ್ತಿರಬೇಕು, ರೇಡಿಯೋ ತನ್ನ ನೆನಪನ್ನು ಉಳಿಸಿಕೊಳ್ಳಬೇಕು, ಕಳ್ಳರ ಎಚ್ಚರಿಕೆಯ ಗಂಟೆ ಕಾಯುತ್ತಿರಬೇಕು, ದೂರದಿಂದ ಒತ್ತುವ ಕೀಲಿಯ ಸಂಕೇತಕ್ಕೆ ಬಾಗಿಲು ಕಿವಿಗೊಟ್ಟಿರಬೇಕು. ಇವೆಲ್ಲ ಸೇರಿ ಈಗಿನ ಕಾರುಗಳು ನಿಂತಲ್ಲೇ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ವಿದ್ಯುತ್ತನ್ನು ಹೀರುತ್ತಿರುತ್ತವೆ. ಅಲ್ಪವೆಂದು ತೋರುವ ಈ ಮೊತ್ತವನ್ನು ಲೆಕ್ಕಹಾಕಿ ನೋಡೋಣ. ಚಿಕ್ಕ ಕಾರಿನ ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ಎಂದರೆ, ಗಂಟೆಗೆ ಒಂದು ಆಂಪಿಯರಿನಂತೆ ಖರ್ಚುಮಾಡಿದರೆ ಅದು 35 ಗಂಟೆ ಬಾಳುತ್ತದೆ. ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು 150 ಆಂಪಿಯರನ್ನು ಒಮ್ಮೆಗೇ ಎಳೆದರೂ ಅದರ ಕೆಲಸ ಎರಡು ಮೂರು ಸೆಕೆಂಡಿನದು. ಒಂದು ಸಲ ಹೊರಡುವುದಕ್ಕೆ ತಗಲುವ ವೆಚ್ಚ ಹೀಗೆ 0.125 ಆಂಪಿಯರ್-ಗಂಟೆಯನ್ನು ಮೀರದು. ಆದರೆ 30 ಮಿಲಿಆಂಪಿಯರಿನಂತೆ ಹಗಲಿರುಳು ಹೀರುವ ಕಾರು ದಿನಕ್ಕೆ 0.72 ಆಂಪಿಯರ್-ಗಂಟೆಯನ್ನು ನುಂಗುತ್ತದೆ. ಒಂದು ದಿನ ಸುಮ್ಮನೆ ನಿಲ್ಲುವುದಕ್ಕೆ ಐದಾರು ಸಲ ಹೊರಡುವಷ್ಟು ವೆಚ್ಚ! ನನ್ನ ಕಾರು ನಿಂತ ಐದು ವಾರಗಳಲ್ಲಿ ಈ ಲೆಕ್ಕದಂತೆ 25 ಆಂಪಿಯರ್-ಗಂಟೆ ಸೋರಿಹೋಗಿತ್ತು. ಉಳಿದುದರಲ್ಲಿ ದೀಪ ಮಿಣುಕಬಹುದು, ಎಂಜಿನ್ ತಿರುಗಲಾರದು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗ, ವಾರಗಳ ತರುವಾಯ ಕೀಲಿ ತಿರುಗಿಸಿದ ಅನೇಕರಿಗೆ ಆದದ್ದು ಈ ಅನುಭವವೇ.

ಎರಡನೆಯದು ಬ್ಯಾಟರಿಯ ಒಡಲಿನ ಸೋರಿಕೆ. ತಂತಿಗಳನ್ನೆಲ್ಲ ಕಳಚಿಟ್ಟರೂ ಒಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ಉಷ್ಣತೆ 25 ಡಿಗ್ರಿ ಇರುವಲ್ಲಿ ತಿಂಗಳಿಗೆ ನೂರಕ್ಕೆ ಮೂರರಿಂದ ಐದು ಭಾಗದಷ್ಟು ಶಕ್ತಿ ತಾನಾಗಿ ಕುಗ್ಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಬೇಕೆನ್ನುವುದು ಬಣ್ಣದ ಹೊಳಪಿಗಾಗಿ ಮಾತ್ರವಲ್ಲ.

ಸೋರಿದ್ದನ್ನು ಮತ್ತೆ ತುಂಬಿದರಾಯಿತಲ್ಲವೆ ಎಂದು ನೀವು ಕೇಳಬಹುದು. ಕೇಡಿನ ತಿರುಳು ಇರುವುದು ಇಲ್ಲಿಯೇ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಕೋಶವೇ ಸುಧಾರಣೆಗೊಳ್ಳುತ್ತ ಬಂದು ಇಂದಿಗೂ ಬಹುಪಾಲು ಕಾರುಗಳ ಬಾನೆಟ್ಟಿನ ಕೆಳಗೆ ಕುಳಿತಿದೆ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ, ಮುಂದೆ ನಿಂತು ಹಿಡಿಕೆ ತಿರುವಿ ಮಣಿಕಟ್ಟು ಮುರಿದುಕೊಳ್ಳುವ ಕಷ್ಟ ಕ್ರಮೇಣ ತಪ್ಪಿತು. ಹೊರಡಿಸುವ ಹೊಣೆ ಈ ಕೋಶಗಳ ಮೇಲೆ ಬಿತ್ತು. ಒಂದೊಂದು ಕೋಶದ ಒತ್ತಡ ಎರಡು ವೋಲ್ಟಿಗೆ ತುಸು ಹೆಚ್ಚು. ಆರು ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿ. ಕೋಶದೊಳಗೆ ಒಂದು ಬಗೆಯ ಫಲಕ ಸೀಸದ ಡೈಆಕ್ಸೈಡಿನದು, ಇನ್ನೊಂದು ಬಗೆಯದು ಸ್ಪಂಜಿನಂತೆ ಸಣ್ಣ ರಂಧ್ರಗಳುಳ್ಳ ಸೀಸದ್ದು. ಇವೆರಡೂ ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತು ಹೊರಗೆ ಹರಿಯುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಮತ್ತೆ ವಿದ್ಯುತ್ತನ್ನು ಊಡಿದರೆ ಸಲ್ಫೇಟು ಕರಗಿ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಹೀಗಾಗುವುದು ಸಲ್ಫೇಟು ಹೊಸದಾಗಿ, ನುಣುಪಾಗಿ ಇರುವವರೆಗೆ ಮಾತ್ರ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಅದರ ಸಣ್ಣ ಹರಳುಗಳು ದೊಡ್ಡದಾಗಿ ಬೆಳೆದು ಗಡುಸಾಗುತ್ತವೆ. ಆಮೇಲೆ ಎಷ್ಟು ಊಡಿದರೂ ಪೂರ್ತಿ ಕರಗುವುದಿಲ್ಲ. ಅಷ್ಟು ಜಾಗ ನಷ್ಟವಾದಂತೆ. ವರ್ಷಗಟ್ಟಲೆ ಒಣಗಿಬಿದ್ದ ಕೆರೆಯಲ್ಲಿ ಹೂಳು ಗಟ್ಟಿಯಾಗಿ, ಕಾಲುವೆಗಳು ಮುಚ್ಚಿ, ಜಾಲಿ ಬೆಳೆದ ಮೇಲೆ ಮುಂಚಿನಷ್ಟೇ ಮಳೆ ಬಂದರೂ ಮುಂಚಿನಷ್ಟು ನೀರು ನಿಲ್ಲುವುದಿಲ್ಲ. ಬ್ಯಾಟರಿಯನ್ನು ಕೊಲ್ಲುವುದು ದುಡಿಮೆಯಲ್ಲ. ಅರೆಬರಿದಾಗಿ ಕಾಯುತ್ತ ಬಿದ್ದಿರುವುದು.

ಇದಕ್ಕೆ ಪರಿಹಾರವೇನು? ನಮ್ಮಲ್ಲಿ ಅನೇಕರು ಬೆಳಿಗ್ಗೆ ಎದ್ದು ಅಂಗಳದಲ್ಲಿಯೇ ಎಂಜಿನ್ನನ್ನು ಐದು ನಿಮಿಷ ಗುರುಗುಟ್ಟಿಸಿ, ಕಾರಿಗೆ ಉಪಕಾರ ಮಾಡಿದೆವೆಂದು ತೃಪ್ತಿಪಡುತ್ತಾರೆ. ನಿಂತಲ್ಲಿ ಮೆಲ್ಲಗೆ ತಿರುಗುವ ಎಂಜಿನ್ನಿನಿಂದ ವಿದ್ಯುತ್ತು ಹುಟ್ಟುವುದೂ ಕಡಿಮೆ. ಐದು ನಿಮಿಷದಲ್ಲಿ ಬ್ಯಾಟರಿಗೆ ಸೇರುವುದು ದಿನಗಳ ಸೋರಿಕೆಗೆ ಸಾಟಿಯಲ್ಲ. ಅದರ ಮೇಲೆ, ಪೂರ್ತಿ ಬಿಸಿಯೇರದ ಎಂಜಿನ್ನಿನೊಳಗೆ ತೇವ ಉಳಿದು ಎಣ್ಣೆಯನ್ನು ಕೆಡಿಸುತ್ತದೆ. ಆದುದರಿಂದ ಓಡಿಸುವುದಾದರೆ ನಿಜವಾಗಿ ಓಡಿಸಬೇಕು. ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಾದರೂ, ಹೆದ್ದಾರಿಯ ವೇಗದಲ್ಲಿ. ನಮ್ಮ ಊರಿನಿಂದ ಮುಳಬಾಗಿಲಿಗೆ ಹೋಗಿ ತರಕಾರಿ ತರುವುದು ಇದಕ್ಕೆ ಸಾಲದು; ಕೋಲಾರದವರೆಗೆ ಹೋಗಿಬಂದರೆ ಲೆಕ್ಕ ಸರಿಹೋಗುತ್ತದೆ. ಆದರೆ ಆಗಲೇ ಬಹಳ ಬರಿದಾಗಿರುವ ಬ್ಯಾಟರಿ ಒಂದು ಪ್ರಯಾಣದಲ್ಲಿ ತುಂಬುವುದಿಲ್ಲ. ಕಡೆಯ ಕಾಲುಭಾಗವನ್ನು ಅದು ಬಹಳ ನಿಧಾನವಾಗಿ ಕುಡಿಯುತ್ತದೆ; ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು.

ಓಡಿಸುವ ಅನುಕೂಲವಿಲ್ಲದವರಿಗೆ ಮನೆಯ ವಿದ್ಯುತ್ತಿನಿಂದ ನಡೆಯುವ ಚಾರ್ಜರು ಉತ್ತಮ. ಕೊಳ್ಳುವಾಗ ತಾನಾಗಿ ಹತೋಟಿಗೆ ಬರುವಂಥದನ್ನೇ ಕೊಳ್ಳಬೇಕು. ಅದು ಸುಮಾರು 14.4 ವೋಲ್ಟಿನವರೆಗೆ ಏರಿಸಿ ತುಂಬಿದ ಮೇಲೆ, 13.5 ವೋಲ್ಟಿನ ಆಸುಪಾಸಿಗೆ ಇಳಿದು, ಸೋರಿದಷ್ಟನ್ನೇ ಹನಿಹನಿಯಾಗಿ ಊಡುತ್ತಿರುತ್ತದೆ. ಹತೋಟಿಯಿಲ್ಲದ ಹಳೆಯ ಬಗೆಯ ಚಾರ್ಜರನ್ನು ಮರೆತು ಬಿಟ್ಟರೆ ಒಳಗಿನ ನೀರು ಕುದಿದು ಆರಿಹೋದೀತು. 35 ಆಂಪಿಯರ್-ಗಂಟೆಯ ಬ್ಯಾಟರಿಗೆ 3.5 ಆಂಪಿಯರ್, ಅಂದರೆ ಹತ್ತನೆಯ ಒಂದು ಭಾಗ, ಹಿತವಾದ ಪ್ರಮಾಣ. ಬಿಸಿಲಿಗೆ ಬಡತನವಿಲ್ಲದ ನಮ್ಮ ಕಡೆ, ನಿಯಂತ್ರಕವುಳ್ಳ ಪುಟ್ಟ ಸೌರಫಲಕವೂ ಈ ಕೆಲಸವನ್ನು ಮಾಡುತ್ತದೆ. ಕಾರು ನೆರಳಿನಲ್ಲಿ, ಫಲಕ ಮಾಡಿನ ಮೇಲೆ ಇದ್ದರಾಯಿತು.

ತಿಂಗಳುಗಟ್ಟಲೆ ಊರು ಬಿಡುವವರು ಋಣ ಧ್ರುವದ ತಂತಿಯನ್ನು ಕಳಚಿಟ್ಟು ಹೋಗಬಹುದು. ಕಾರಿನ ಸೋರಿಕೆ ಆಗ ನಿಲ್ಲುತ್ತದೆ, ಒಡಲಿನದು ಮಾತ್ರ ಉಳಿಯುತ್ತದೆ. ಕಳಚುವಾಗ ಋಣವನ್ನು ಮೊದಲು, ಜೋಡಿಸುವಾಗ ಕಡೆಗೆ ಮುಟ್ಟಬೇಕು. ಋಣ ಧ್ರುವ ಕಾರಿನ ಮೈಗೇ ಕೂಡಿಕೊಂಡಿರುವುದರಿಂದ, ಕ್ರಮ ತಪ್ಪಿದರೆ ಕೈಯಲ್ಲಿರುವ ಸ್ಪ್ಯಾನರು ಮೈಗೆ ತಾಗಿ ದೊಡ್ಡ ಕಿಡಿ ಹಾರಬಹುದು. ಕೆಲವು ಕಾರುಗಳಲ್ಲಿ ತಂತಿ ಕಳಚಿದೊಡನೆ ರೇಡಿಯೋ ಗುಪ್ತಸಂಖ್ಯೆಯನ್ನು ಕೇಳುತ್ತದೆ, ಬಾಗಿಲು ತಾನಾಗಿ ಹಾಕಿಕೊಳ್ಳುವುದೂ ಉಂಟು. ಕಾರಿನೊಡನೆ ಕೊಟ್ಟ ಕೈಪಿಡಿಯನ್ನು ಓದಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು.

ಬ್ಯಾಟರಿಯ ಆರೋಗ್ಯವನ್ನು ತಿಳಿಯಲು ಜ್ಯೋತಿಷ್ಯ ಬೇಕಿಲ್ಲ. ಒಂದು ಮಲ್ಟಿಮೀಟರು ಸಾಕು. ಕಾರು ನಿಂತು ಕೆಲವು ಗಂಟೆಗಳಾದ ಮೇಲೆ ಅಳೆದಾಗ 12.6 ವೋಲ್ಟಿಗೆ ಮೇಲಿದ್ದರೆ ಕೆರೆ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕೆ ಇಳಿದರೆ ತಳ ಕಾಣುವ ಹೊತ್ತು. 12.4ಕ್ಕೆ ಬಂದಾಗಲೇ ಊಡುವುದು ಜಾಣತನ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಫಲಕಗಳು ಮುಳುಗಿವೆಯೇ ಎಂದು ನೋಡಬೇಕು. ಕಡಿಮೆಯಾಗಿದ್ದರೆ ಹಾಕಬೇಕಾದುದು ಬಟ್ಟಿ ಇಳಿಸಿದ ನೀರು ಮಾತ್ರ. ಆಮ್ಲವನ್ನಲ್ಲ, ಲವಣ ತುಂಬಿದ ನಮ್ಮ ಕೊಳವೆ ಬಾವಿಯ ನೀರನ್ನಂತೂ ಅಲ್ಲವೇ ಅಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಊಡುವಾಗ ಬ್ಯಾಟರಿಯಿಂದ ಜಲಜನಕ ಹೊಮ್ಮುತ್ತದೆ. ಅದು ಕಿಡಿ ತಾಗಿದರೆ ಸಿಡಿಯುವ ಅನಿಲ. ಗಾಳಿಯಾಡುವ ಕಡೆಯೇ ಈ ಕೆಲಸ ನಡೆಯಬೇಕು. ಹತ್ತಿರ ಬೀಡಿಯಾಗಲಿ, ಆಯುಧಪೂಜೆಯ ಕರ್ಪೂರವಾಗಲಿ ಕೂಡದು. ಚಾರ್ಜರಿನ ಹಿಡಿಕೆಗಳನ್ನು ಕಚ್ಚಿಸಿದ ಮೇಲೆ ಸ್ವಿಚ್ಚು ಒತ್ತಬೇಕು, ಸ್ವಿಚ್ಚು ಆರಿಸಿದ ಮೇಲೆಯೇ ಹಿಡಿಕೆ ತೆಗೆಯಬೇಕು. ಆಮ್ಲ ಕಣ್ಣಿಗೆ ಸಿಡಿದರೆ ಕಾಲು ಗಂಟೆಯಾದರೂ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಓಡಬೇಕು. ಕೆಟ್ಟ ಬ್ಯಾಟರಿಯನ್ನು ಹಿತ್ತಿಲಿನಲ್ಲಿ ಒಗೆಯದೆ ಅಂಗಡಿಗೆ ಮರಳಿಸಬೇಕು. ಅದರ ಸೀಸ ಮಕ್ಕಳ ಮೆದುಳಿಗೆ ವಿಷ.

ಹೊರಡುವ ಗಳಿಗೆಯಲ್ಲಿ ಬ್ಯಾಟರಿ ಮಾಡುವ ಕೆಲಸ ಮೂರು ಸೆಕೆಂಡಿನದು. ಆ ಮೂರು ಸೆಕೆಂಡು ಯಾವ ರಾತ್ರಿ ಬಂದೀತೆಂಬುದನ್ನು ಮಾತ್ರ ಯಾರೂ ಅರಿಯರು. ಕುರುಡುಮಲೆಯ ಗಣಪತಿ ಆರಂಭಗಳನ್ನು ಹರಸಬಹುದು. ಅದಕ್ಕೆ ಬೇಕಾದ ಶಕ್ತಿಯನ್ನು ಕೂಡಿಡುವ ಹೊಣೆ ನಮ್ಮದು. ಈಗ ನನ್ನ ಕಾರಿನ ಪಕ್ಕದ ಗೋಡೆಯ ಮೇಲೆ ಒಂದು ಕ್ಯಾಲೆಂಡರು ತೂಗುತ್ತಿದೆ. ವಾರವಾರವೂ ಅಳೆದ ವೋಲ್ಟನ್ನು ಅದರಲ್ಲಿ ಬರೆದಿಡುತ್ತೇನೆ. ನಾನು ಮರೆತರೂ ಅತ್ತಿಗೆಯವರು ಮರೆಯುವುದಿಲ್ಲ. ಭಾನುವಾರ ಬೆಳಿಗ್ಗೆ ಕಾಫಿಯ ಲೋಟವನ್ನು ಮುಂದಿಟ್ಟು, “ಏನಪ್ಪಾ, ಇವತ್ತು ಕೋಲಾರದ ಕಡೆ ಹೋಗಿಬರೋದಿಲ್ವೇನೋ?” ಎಂದು ಕೇಳುತ್ತಾರೆ.