ಬೇಸರವೋ, ಕಾಯಿಲೆಯೋ? ತಿಳಿಯುವುದು ಹೇಗೆ?

ಜ್ವರ ನೋಡಲು ಥರ್ಮಾಮೀಟರ್ ಇದೆ. ಅಜ್ಜನ ಬಿ.ಪಿ. ಅಳೆಯಲು ಯಂತ್ರವಿದೆ. ಮನಸ್ಸಿಗೆ ಕಾಯಿಲೆಯಾದರೆ ಅಳೆಯುವುದು ಯಾವುದರಿಂದ?

ಮಾತಿನಿಂದ! ಕಾಯಿಲೆಯಾದವರು ಹೇಳುವುದು, ಮನೆಯವರು ಗಮನಿಸಿದ್ದು, ಡಾಕ್ಟರು ಕಣ್ಣಾರೆ ಕಂಡದ್ದು – ಈ ಮೂರನ್ನೂ ಕೂಡಿಸಿ ನೋಡುತ್ತಾರೆ. ದೇಹದ ಬೇರೆ ತೊಂದರೆಯಿಂದ ಹೀಗಾಗಿದೆಯೇ ಎಂದು ತಿಳಿಯಲು ಕೆಲವೊಮ್ಮೆ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

ಆದರೆ ಒಬ್ಬೊಬ್ಬ ಡಾಕ್ಟರು ಒಂದೊಂದು ರೀತಿ ಹೇಳಿದರೆ ಕಷ್ಟವಲ್ಲವೇ? ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಕಾಯಿಲೆಗಳ ಒಂದು ಪಟ್ಟಿ ಮಾಡಿದೆ. ಅದರ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಯಾವ ಕಾಯಿಲೆಗೆ ಯಾವ ಲಕ್ಷಣ ಎಂಬ ವಿವರಣೆ ಅದರಲ್ಲಿದೆ.

ಖಿನ್ನತೆಯನ್ನೇ ನೋಡೋಣ. ಇದಕ್ಕೆ ಹತ್ತು ಲಕ್ಷಣಗಳಿವೆ. ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸದಲ್ಲೂ ಆಸಕ್ತಿ ಇಲ್ಲದಿರುವುದು ಮೊದಲ ಎರಡು. ನಿದ್ದೆ, ಹಸಿವು ಏರುಪೇರಾಗುವುದು, ಸುಸ್ತು, ಗಮನ ನಿಲ್ಲದಿರುವುದು, 'ನಾನು ಯಾವುದಕ್ಕೂ ಪ್ರಯೋಜನವಿಲ್ಲ' ಎನಿಸುವುದು ಉಳಿದವುಗಳಲ್ಲಿ ಕೆಲವು. ಹತ್ತರಲ್ಲಿ ಕನಿಷ್ಠ ಐದು ಇರಬೇಕು. ಮೊದಲ ಎರಡರಲ್ಲಿ ಒಂದಾದರೂ ಇರಲೇಬೇಕು. ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಇರಬೇಕು. ದಿನನಿತ್ಯದ ಬದುಕಿಗೆ ಅಡ್ಡಿಯಾಗುತ್ತಿರಬೇಕು.

ಗಣಿತದಲ್ಲಿ ಅಂಕ ಕಡಿಮೆ ಬಂತೆಂದು ಪುಟ್ಟ ಎರಡು ದಿನ ಅತ್ತ, ಮೂರನೆಯ ದಿನ ಬ್ಯಾಟು ಹಿಡಿದು ಓಡಿದ. ಅದು ಬೇಸರ, ಕಾಯಿಲೆಯಲ್ಲ. ಅಜ್ಜ ತೀರಿಕೊಂಡ ಮೇಲೆ ಅಜ್ಜಿಗೆ ಒಮ್ಮೊಮ್ಮೆ ಅವರು ಜಗುಲಿಯಿಂದ ಕರೆದಂತೆ ಕೇಳಿಸಬಹುದು. ದುಃಖದಲ್ಲಿ ಹಾಗಾಗುವುದುಂಟು, ಅದೊಂದರಿಂದಲೇ ಕಾಯಿಲೆ ಎನ್ನುವಂತಿಲ್ಲ. ಆದರೆ ಅಜ್ಜಿ ವಾರಗಟ್ಟಲೆ ರಂಗೋಲಿ ಬಿಟ್ಟು, ಊಟ ಬಿಟ್ಟು, ನೆಂಟರು ಬಂದರೂ ಏಳದೆ ಮಲಗಿದ್ದರೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಿರಬಾರದು. ಮಕ್ಕಳಲ್ಲಿ ಖಿನ್ನತೆ ಅಳುವಾಗಿ ಕಾಣದೆ ಸಿಡುಕಾಗಿಯೂ ಕಾಣಬಹುದು. ಅದನ್ನು ಬರೀ ಹಟ ಎಂದುಕೊಳ್ಳಬೇಡಿ, ಅಜ್ಜಂದಿರೇ!

ಯಾರನ್ನೋ ಕಂಡರೆ ಆಗದು ಎಂದು 'ಅವರಿಗೆ ತಲೆ ಸರಿಯಿಲ್ಲ' ಎನ್ನುವುದು ತಪ್ಪು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಇದನ್ನು ಒಪ್ಪುವುದಿಲ್ಲ. ಮಾನಸಿಕ ಕಾಯಿಲೆಯನ್ನು ವೈದ್ಯಕೀಯ ಮಾನದಂಡದಿಂದಲೇ ನಿರ್ಧರಿಸಬೇಕು. ಸಮಾಜದ ರೀತಿನೀತಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ ಎನ್ನುತ್ತದೆ ಅದು.

ಡಾಕ್ಟರ ಬಳಿ ಹೋದಾಗ 'ಅಜ್ಜಿ ಯಾಕೋ ಸರಿಯಿಲ್ಲ' ಎಂದರೆ ಸಾಲದು. 'ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೇ ಏಳುತ್ತಾರೆ, ಅರ್ಧ ಚಪಾತಿಯನ್ನೂ ತಿನ್ನುವುದಿಲ್ಲ, ರೇಡಿಯೊ ಹಾಕುವುದನ್ನೇ ಬಿಟ್ಟಿದ್ದಾರೆ' ಎಂದು ಹೇಳಿ. ಇಂಥ ಮಾತೇ ಡಾಕ್ಟರಿಗೆ ಥರ್ಮಾಮೀಟರ್. ಜೊತೆಯಲ್ಲೇ ಇರುವ ಮೊಮ್ಮಕ್ಕಳ ಕಣ್ಣಿಗೆ ಇದು ಬೇಗ ಬೀಳುತ್ತದೆ. ಮೊಮ್ಮಕ್ಕಳಲ್ಲಾದ ಬದಲಾವಣೆ ಅಜ್ಜಿಯ ಕಣ್ಣಿಗೂ ಅಷ್ಟೇ ಬೇಗ ಬೀಳುತ್ತದೆ.

'ಬದುಕೇ ಬೇಡ' ಎಂಬ ಮಾತು ಯಾರ ಬಾಯಲ್ಲಿ ಬಂದರೂ ಎರಡು ವಾರ ಕಾಯಬೇಡಿ. ಮಕ್ಕಳೇ, ಆಗಲೇ ಮನೆಯ ಹಿರಿಯರಿಗೆ ಅಥವಾ ಟೀಚರಿಗೆ ತಿಳಿಸಿ. ಹಿರಿಯರೇ, ಅವರನ್ನು ಒಂಟಿಯಾಗಿ ಬಿಡದೆ ಅಂದೇ ಡಾಕ್ಟರನ್ನು ಕಾಣಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಕನ್ನಡದಲ್ಲೇ ಮಾತಾಡಬಹುದು.